ಚೀಟಿ ಅಕ್ಕ ಹುಡುಕಿದ ಕಿರುಬೆರಳು

ಕಾಲುಚೀಲ ಹೆಣೆಯುವ ಆ ಕಾರ್ಖಾನೆಯಲ್ಲಿ ಒಂದು ಸೂಜಿ ಬೇಕೆಂದರೂ ಚೀಟಿ ಬರೆಯಬೇಕು. ಬರಿಗೈ ಚಾಚಿದವರಿಗೆ ಸೂಜಿಯ ಮಾತಿರಲಿ, ಉಗ್ರಾಣದ ಕಿಟಕಿಯಲ್ಲಿ ಒಂದು ನಗುವೂ ಸಿಕ್ಕಿದ್ದಿಲ್ಲ. ಆ ಕಿಟಕಿಯ ಒಳಗೆ ಮೂವತ್ತೊಂದು ವರ್ಷದಿಂದ ಕೂತವಳು ಒಬ್ಬಳೇ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು. ಯಜಮಾನರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ ಅವಳು ಚೀಟಿ ಅಕ್ಕ.

ಚೀಟಿಯಲ್ಲೂ ಏನೇನೋ ಗೀಚಿದರೆ ನಡೆಯುತ್ತಿರಲಿಲ್ಲ. ಸಾಮಾನಿನ ಮೈಮೇಲೆ ಏನು ಕೊರೆದಿದೆಯೋ ಅದೇ ಇರಬೇಕು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ‘ಆ ಉದ್ದದ್ದು, ಹೋದ ಸಲ ಕೊಟ್ರಲ್ಲ, ಅದೇ’ ಎಂದು ಬಂದವರು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತಿದ್ದರು.

“ಅಕ್ಕಾ, ಮೆಷಿನ್ ನಿಂತುಬಿಟ್ಟಿದೆ, ಸ್ವಲ್ಪ ಬೇಗ.”

“ನಿಂತಿರೋ ಮೆಷಿನ್ನಿಗೆ ಏನಪ್ಪಾ ಅವಸರ? ಅವಸರ ನಿನಗೆ. ಹೋಗಿ ನಂಬರ್ ನೋಡ್ಕೊಂಡು ಬಾ.”

ಗಿಡ್ಡ ಆಳು, ದಾರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಸೊಂಟದಲ್ಲಿ ಬೀಗದ ಕೈಗಳ ಒಂದು ಗೊಂಚಲು. ಪ್ರತಿ ಕೀಲಿಕೈಗೂ ಒಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಕುಟ್ಟಿದ ನಂಬರು. ಅವಳು ಬರುವ ಮೊದಲು ಆ ಬಿಲ್ಲೆಗಳ ಸದ್ದು ಬರುತ್ತಿತ್ತು. ಸದ್ದು ಕೇಳಿದ ತಕ್ಷಣ ಹೆಣಿಗೆಯ ಹೆಂಗಸರು ಜೇಬಿನಲ್ಲಿ ಪೆನ್ಸಿಲ್ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಎಂಟು ವರ್ಷದ ಹಿಂದೆ ಉಗ್ರಾಣಕ್ಕೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಎರಡು ದಿನ ಪಾಠ ಹೇಳುವುದಕ್ಕೆ ಒಬ್ಬ ಮೇಷ್ಟ್ರು ಬಂದರು. ಎರಡನೆಯ ದಿನ ಊಟವಾದ ಮೇಲೆ ಅವರು ಇಂಟರ್ನೆಟ್ಟಿನಲ್ಲಿ ಹುಡುಕುವ ಬಗೆ ಹೇಳುತ್ತಿದ್ದಾಗ, ಲೆಕ್ಕದ ಗುಮಾಸ್ತರು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು, ಮೇಲ್ವಿಚಾರಕರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು. ಕೇಳುತ್ತಿದ್ದವಳು ಚೀಟಿ ಅಕ್ಕ ಒಬ್ಬಳೇ. ಬೇಕಾದ ಮಾತನ್ನು ಎರಡು ಕೊಟೇಶನ್ ಗುರುತಿನ ನಡುವೆ ಇಟ್ಟರೆ ಅದೇ ಮಾತು, ಅದೇ ಸಾಲಿನಲ್ಲಿ ಇರುವುದು ಮಾತ್ರ ಸಿಗುತ್ತದೆ ಎಂದರು ಮೇಷ್ಟ್ರು. ಬೇಡವಾದ ಮಾತಿನ ಮೊದಲಕ್ಷರಕ್ಕೂ ಮೊದಲೇ ಅಂಟಿಸಿ ಒಂದು ಅಡ್ಡಗೆರೆ ಎಳೆದರೆ ಅದು ಇರುವುದೆಲ್ಲ ಹೊರಗೆ ಹೋಗುತ್ತದೆ ಎಂದರು. ಸೈಟ್ ಎಂದು ಬರೆದು, ಮುಂದೆ ಒಂದರ ಮೇಲೊಂದು ಎರಡು ಚುಕ್ಕೆ ಇಟ್ಟು, ಒಂದು ತಾಣದ ವಿಳಾಸ ಕೊಟ್ಟರೆ ಅದೊಂದರ ಒಳಗೆ ಮಾತ್ರ ತಡಕಾಡುತ್ತದೆ. ಫೈಲ್‌ಟೈಪ್ ಎಂದು ಬರೆದು, ಅದೇ ಎರಡು ಚುಕ್ಕೆ ಇಟ್ಟು ಪಿಡಿಎಫ್ ಎಂದರೆ ಪುಸ್ತಕ, ಪಟ್ಟಿ, ಕೈಪಿಡಿಗಳ ರೂಪದಲ್ಲಿ ಇರುವುದನ್ನು ಮಾತ್ರ ಎತ್ತಿಕೊಡುತ್ತದೆ.

ಚೀಟಿ ಅಕ್ಕ ಕೈ ಎತ್ತಿದಳು. “ಹಾಗಾದ್ರೆ ಇದು ಉಗ್ರಾಣವೇ ಅಲ್ವಾ ಸಾರ್? ಕೊರೆದಿದ್ದ ಹಾಗೇ ಬರಿ, ಬೇಡದ್ದನ್ನ ಹೇಳು, ಯಾವ ಕಪಾಟು ಹೇಳು, ಪೆಟ್ಟಿಗೇಲಿರೋದೋ ಡಬ್ಬೀಲಿರೋದೋ ಅದನ್ನೂ ಹೇಳು. ನಾನು ಇಪ್ಪತ್ತಮೂರು ವರ್ಷದಿಂದ ಬಾಯಿ ಬಡ್ಕೊಳ್ತಿರೋದು ಇದನ್ನೇ.”

ಮೇಷ್ಟ್ರು ನಕ್ಕು, “ಹೌದಮ್ಮ, ಉಗ್ರಾಣವೇ. ಕಿಟಕೀಲಿ ಬೈಯೋದಕ್ಕೆ ಯಾರೂ ಕೂತಿಲ್ಲ, ಅಷ್ಟೇ ವ್ಯತ್ಯಾಸ,” ಎಂದರು.

ಅಂದಿನಿಂದ ಅವಳಿಗೆ ಹೊಸ ಹುಚ್ಚು ಹಿಡಿಯಿತು. ಕೊಟೇಶನ್ನಿಗೆ ಅವಳು ಜೋಡಿ ಕೊಕ್ಕೆ ಎಂದು ಹೆಸರಿಟ್ಟಳು. ಹೆಣಿಗೆಯ ವಿಭಾಗದ ಹಿರಿಯ ಮೇಸ್ತ್ರಿಗೆ ನಲವತ್ತು ವರ್ಷ ಕಾಣದ ಶಾಲೆಯ ಗೆಳೆಯನನ್ನು ಹುಡುಕಿಕೊಟ್ಟಳು. ಅವನ ಹೆಸರಿಗೆ ಜೋಡಿ ಕೊಕ್ಕೆ ಹಾಕಿದರೆ ಅದೇ ಹೆಸರಿನ ಒಬ್ಬ ಪೈಲ್ವಾನನೇ ಹತ್ತು ಪುಟದ ತುಂಬ ತೊಡೆ ತಟ್ಟಿ ನಿಂತಿದ್ದ. ಪೈಲ್ವಾನ ಎಂಬುದರ ಮೊದಲಿಗೆ ಒಂದು ಅಡ್ಡಗೆರೆ ಎಳೆದದ್ದೇ ತಡ, ಗೆಳೆಯ ಮೀನು ಸಾಕುವವರ ಸಂಘದ ಕಾರ್ಯದರ್ಶಿಯಾಗಿ ನಗುತ್ತ ಈಚೆ ಬಂದ. ಮೇಸ್ತ್ರಿ ಅವತ್ತು ಕಿಟಕಿಯ ಮುಂದೆ ನಿಂತು ಕಣ್ಣೊರೆಸಿಕೊಂಡರು. “ಮೂಗು ಒರೆಸೋದಕ್ಕೆ ಬಟ್ಟೆ ಬೇಕಾದ್ರೆ ಚೀಟಿ ಬರೀರಿ,” ಎಂದಳು ಚೀಟಿ ಅಕ್ಕ.

ಇನ್ನು ಅವಳ ಮನೆಯ ಸಂಗತಿ. ಗಂಡ ಊರ ಬಸ್ಸಿನ ಡ್ರೈವರು, ಮಾತು ಕಮ್ಮಿ. ಆ ಮನೆಯ ಮಾತನ್ನೆಲ್ಲ ಗುತ್ತಿಗೆ ಹಿಡಿದವಳು ಮಹಡಿಯ ಮೇಲಿದ್ದ ನಾದಿನಿ, ಡ್ರೈವರನ ತಂಗಿ. ಅವಳೂ ಅದೇ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಹೆಣಿಗೆಯವಳು. ಅತ್ತಿಗೆ ನಾದಿನಿ ಬೆಳಗ್ಗೆ ಜೊತೆಯಾಗಿ ನಡೆದು ಹೋಗುವರು, ಸಂಜೆ ಜೊತೆಯಾಗಿ ನಡೆದು ಬರುವರು, ನಡುವೆ ಜಗಳ ಆಡುವರು. ಇಪ್ಪತ್ತಾರು ವರ್ಷದಲ್ಲಿ ನಾದಿನಿ ಒಂದು ಚೀಟಿಯನ್ನೂ ನೆಟ್ಟಗೆ ಬರೆದವಳಲ್ಲ.

“ಮನೇಲಿ ನನ್ನ ಕೈಯಿಂದ ಉಪ್ಪಿನ ಡಬ್ಬ ಕಿತ್ಕೊಳ್ತೀರಲ್ಲ ಅತ್ತಿಗೆ, ಆಗ ಚೀಟಿ ಬರೀತೀರಾ?”

“ಉಪ್ಪಿನ ಡಬ್ಬದ ಮೇಲೆ ನಂಬರ್ ಕೊರೆಸಿಟ್ಟಿರು, ಬರೀತೀನಿ.”

ನಾದಿನಿ ಕೆಲಸ ಮಾಡುತ್ತಿದ್ದದ್ದು ಕಾರ್ಖಾನೆಯ ಅತಿ ಹಳೆಯ ಯಂತ್ರದ ಮೇಲೆ. ಅದಕ್ಕೆ ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಇನ್ಯಾರೋ ಬಳಸಿ ಬಿಟ್ಟದ್ದನ್ನು ಯಜಮಾನರ ತಂದೆ ಕೊಂಡು ತಂದಿದ್ದರಂತೆ. ಮಾಡಿದವರ ಹೆಸರಿನ ತಗಡು ಬರುವ ಹೊತ್ತಿಗೇ ಕಳಚಿ ಹೋಗಿತ್ತು. ಹೊಸ ಯಂತ್ರಗಳು ಒಂದು ಗಂಟೆಯಲ್ಲಿ ಹೆಣೆಯುವುದನ್ನು ಅಜ್ಜಿ ಇಡೀ ದಿನ ಹೆಣೆಯುತ್ತಿದ್ದಳು. ಆದರೆ ಕಾಲು ಊದಿದವರಿಗೆ, ಪಾದದಲ್ಲಿ ಗಾಯವಾದವರಿಗೆ ಒತ್ತದ, ಉಜ್ಜದ, ಮೆತ್ತನೆಯ ಹಿಮ್ಮಡಿ ಬೇಕೆಂದರೆ ಅದು ಅಜ್ಜಿಗೆ ಮಾತ್ರ ಬರುತ್ತಿದ್ದ ವಿದ್ಯೆ. ಹಿಮ್ಮಡಿಯ ಹೊತ್ತಿಗೆ ಅಜ್ಜಿ ಸುತ್ತು ತಿರುಗುವುದನ್ನು ಬಿಟ್ಟು ಅತ್ತ ಅರ್ಧ, ಇತ್ತ ಅರ್ಧ ಓಲಾಡುವಳು. ಆಗ ಕಿರುಬೆರಳಿನಷ್ಟು ಉದ್ದದ ಒಂದು ಕೊಂಕು ಉಕ್ಕಿನ ತುಂಡು ಒಂದೊಂದೇ ಸೂಜಿಯನ್ನು ಎತ್ತಿ ಪಕ್ಕಕ್ಕೆ ಇಡುವುದು, ಮಗುವಿನ ಬೆರಳು ಹಿಡಿದು ಎಬ್ಬಿಸಿದ ಹಾಗೆ. ಆ ತುಂಡಿನ ಹೆಸರೂ ಕಿರುಬೆರಳೇ.

ಒಂದು ಸೋಮವಾರ ಬೆಳಗ್ಗೆ ಕಿರುಬೆರಳು ಟಕ್ ಎಂದು ಮುರಿಯಿತು. ಬುಡ ಉಳಿಯಿತು. ತುದಿ ಎಲ್ಲೋ ಹಾರಿತು, ನೂಲಿನ ಕಸದ ಜೊತೆ ಗುಡಿಸಿಯೂ ಹೋಯಿತು. ಕಾರ್ಖಾನೆಯ ಫಿಟ್ಟರ್ ಮಾವ ಕಣ್ಣಂದಾಜಿನಲ್ಲಿ ಒಂದು ಅರೆದು ಕೊಟ್ಟ. ಅದು ಮೂರು ಸೂಜಿ ಮುರಿಯಿತು. ಇನ್ನೊಂದು ಅರೆದ. ಅದು ಏಳು ಮುರಿಯಿತು.

“ತುದಿಯ ಬಾಗು ಹೇಗಿತ್ತು ಅಂತ ಗೊತ್ತಿದ್ರೆ ಮಾಡಬಹುದಿತ್ತಮ್ಮ. ಮೂಗು ಇಲ್ದಿರೋರ ಫೋಟೋ ಕೊಟ್ಟು ಮೂಗು ಬರಿ ಅಂದ್ರೆ ನಾನು ಯಾರ ಮೂಗು ಬರೀಲಿ?” ಎಂದ ಫಿಟ್ಟರ್ ಮಾವ.

ಯಜಮಾನರು ಕೆಟ್ಟವರಲ್ಲ. ಆದರೆ ಹೊಸ ಯಂತ್ರ ಬರುವುದಿತ್ತು, ಅದಕ್ಕೆ ಜಾಗ ಬೇಕಿತ್ತು. ಅವರು ಅಜ್ಜಿಯ ಮುಂದೆ ಸ್ವಲ್ಪ ಹೊತ್ತು ನಿಂತು, “ಶನಿವಾರ ಮಧ್ಯಾಹ್ನ ಗುಜರಿಯವರ ಗಾಡಿ ಬರುತ್ತೆ. ಅಷ್ಟರಲ್ಲಿ ಓಡಿದ್ರೆ ಇರಲಿ, ಇಲ್ದಿದ್ರೆ ಕಳಿಸಿಬಿಡೋಣ. ನೀವು ಪ್ಯಾಕಿಂಗ್ ಮೇಜಿಗೆ ಹೋಗಿ,” ಎಂದು ನಾದಿನಿಗೆ ಹೇಳಿದರು.

ಸಂಜೆ ಚೀಟಿ ಅಕ್ಕ ಬೀಗ ಹಾಕಿ ಬಂದಾಗ ಹೆಣಿಗೆಯ ವಿಭಾಗದಲ್ಲಿ ಎಲ್ಲ ಯಂತ್ರಗಳೂ ನಿಂತಿದ್ದವು. ನಾದಿನಿ ಮಾತ್ರ ಎಣ್ಣೆಬಟ್ಟೆ ಹಿಡಿದು ಅಜ್ಜಿಯ ಮೈ ಒರೆಸುತ್ತಿದ್ದಳು, ನಾಳೆ ಕೆಲಸವಿದೆ ಎನ್ನುವ ಹಾಗೆ. ಅವತ್ತು ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಚೀಟಿ ಅಕ್ಕನಿಗೆ ಆ ರಸ್ತೆ ಇಷ್ಟು ಉದ್ದ ಇದೆ ಎಂದು ಗೊತ್ತಾದದ್ದೇ ಅಂದು.

ಮನೆಯ ಬಾಗಿಲಲ್ಲಿ, “ಆ ಮುರಿದ ತುಂಡು ನಾಳೆ ನನ್ನ ಕಿಟಕಿಗೆ ತಗೊಂಡು ಬಾ,” ಎಂದಳು.

“ಚೀಟಿ ಬರೀಬೇಕಾ?”

“ಬೇಡ.”

ನಾದಿನಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಅಣ್ಣಾ, ಬೇಗ ಬಾ, ಅತ್ತಿಗೆಗೆ ಮೈ ಸರಿ ಇಲ್ಲ,” ಎಂದು ಒಳಗೆ ಕೂಗಿದಳು.

ಮಂಗಳವಾರ ಬೆಳಗ್ಗೆ ಚೀಟಿ ಅಕ್ಕ ಮುರಿದ ಬುಡವನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಕನ್ನಡಕ ಏರಿಸಿದಳು. ಮೈಮೇಲೆ ನಂಬರು ಸ್ಪಷ್ಟವಾಗಿತ್ತು: 4-2-17. ಅವಳ ಮುಖ ಅರಳಿತು. ಕೊರೆದ ನಂಬರು ಇದ್ದಮೇಲೆ ಇನ್ನೇನು ಬೇಕು? ಜೋಡಿ ಕೊಕ್ಕೆಯ ನಡುವೆ ನಂಬರು ಇಟ್ಟು ಹುಡುಕು ಎಂದಳು.

ಬಂದದ್ದು ಮದುವೆ. ಫೆಬ್ರವರಿ ನಾಲ್ಕು, ಎರಡು ಸಾವಿರದ ಹದಿನೇಳರಂದು ಯಾರೋ ಮದುವೆಯಾಗಿದ್ದರು, ಅಲ್ಲಲ್ಲ, ಏಪ್ರಿಲ್ ಎರಡರಂದೂ ಆಗಿದ್ದರು. ಚೀಟಿ ಅಕ್ಕ ಮದುವೆಗೆ ಅಡ್ಡಗೆರೆ ಎಳೆದಳು. ಹುಟ್ಟುಹಬ್ಬಗಳು ಬಂದವು. ಹುಟ್ಟುಹಬ್ಬಕ್ಕೂ ಎಳೆದಳು. ಒಂದು ಪರೀಕ್ಷೆಯ ಫಲಿತಾಂಶ, ಒಂದು ನಾಯಿಯ ಲಸಿಕೆ ಕಾರ್ಡು, ಯಾವುದೋ ಕಟ್ಟಡದ ಬಾಗಿಲ ನಂಬರು. ನಾಯಿ ಬೇಡ, ಪರೀಕ್ಷೆ ಬೇಡ, ಬಾಗಿಲು ಬೇಡ ಎನ್ನುತ್ತ ಹೋದಳು. ಕಿಟಕಿಯ ಹೊರಗೆ ನಾದಿನಿ ಕತ್ತು ಚಾಚಿ ನಿಂತಿದ್ದಳು.

“ಏನು ಅತ್ತಿಗೆ, ಲೋಕದಲ್ಲಿರೋ ಮದುವೆ ಎಲ್ಲ ಮುರೀತಾ ಇದೀರಾ?”

“ಸುಮ್ನಿರು. ಈಗ ನೋಡು.” ನಂಬರಿನ ಪಕ್ಕದಲ್ಲಿ ಕಾಲುಚೀಲ ಯಂತ್ರ ಎಂದು ಇನ್ನೊಂದು ಜೋಡಿ ಕೊಕ್ಕೆ ಹಾಕಿದಳು. ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಯಿತು. ಒಂದೂ ಇಲ್ಲ. ಪಿಡಿಎಫ್ ಎಂದಳು, ಇಲ್ಲ. ಹಳೆಯ ಯಂತ್ರ ಮಾರುವವರ ಒಂದೊಂದೇ ತಾಣವನ್ನು ಸೈಟ್ ಎಂದು ಹಿಡಿದು ಜಾಲಾಡಿದಳು, ಇಲ್ಲ. ಮಂಗಳವಾರ ಪೂರ್ತಿ ಹೀಗೆಯೇ ಕಳೆಯಿತು. ಬುಧವಾರ ಬೆಳಗ್ಗೆ ಫಿಟ್ಟರ್ ಮಾವ ಬಂದು, “ನಂಬರ್ ಬಿಟ್ಟು ಬೇರೆ ಏನಾದ್ರೂ ಹಾಕಿ ನೋಡಿ,” ಎಂದ.

“ಮನುಷ್ಯರು ಸುಳ್ಳು ಹೇಳ್ತಾರೆ ಫಿಟ್ಟರ್ ಮಾವ. ಉಕ್ಕಿನ ಮೇಲೆ ಕೊರೆದದ್ದು ಹೇಳಲ್ಲ.”

ಮಧ್ಯಾಹ್ನದ ಊಟಕ್ಕೆ ನಾದಿನಿ ಬುತ್ತಿ ಹಿಡಿದು ಉಗ್ರಾಣದ ಒಳಗೇ ಬಂದಳು. ಬೇರೆ ದಿನವಾಗಿದ್ದರೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಚೀಟಿ ಅಕ್ಕ ಊಟ ಮರೆತು ಪರದೆ ನೋಡುತ್ತಿದ್ದಳು. ನಾದಿನಿ ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಆ ಉಕ್ಕಿನ ಬುಡ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಕೀಲಿಗೊಂಚಲನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಅತ್ತಿಗೆ, ಒಂದು ಮಾತು ಹೇಳ್ತೀನಿ, ಹೊಡೀಬಾರದು.”

“ಹೇಳು.”

“ಈ ನಾಲ್ಕಿಗೆ ಒಂದು ಕಾಲು ಕುಂಟು. ನಿಮ್ಮ ಕೀಲಿ ಬಿಲ್ಲೆ ಮೇಲಿರೋ ನಾಲ್ಕಿಗೂ ಅದೇ ಕಾಲು ಕುಂಟು.”

ಚೀಟಿ ಅಕ್ಕ ತುಂಡನ್ನು ಕಸಿದುಕೊಂಡಳು. ಬಿಲ್ಲೆಯ ಪಕ್ಕದಲ್ಲಿ ಇಟ್ಟಳು. ಮೇಜಿನ ಕೆಳಗಿನ ಖಾನೆ ಎಳೆದು, ಎಷ್ಟೋ ವರ್ಷದಿಂದ ಮುಟ್ಟದ ಅಂಕಿ ಕುಟ್ಟುವ ಅಚ್ಚುಗಳ ಮರದ ಡಬ್ಬಿ ತೆರೆದಳು. ನಾಲ್ಕರ ಅಚ್ಚಿನ ತುದಿ ಸವೆದು ಮುರಿದಿತ್ತು. ಅದು ಮುರಿದದ್ದು ಅವಳ ಕೈಯಲ್ಲೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ.

ಆಗಿನ ಉಗ್ರಾಣದ ಪದ್ಧತಿಯೇ ಹಾಗಿತ್ತು. ಯಾರೋ ಬಿಚ್ಚಿ ಒಯ್ದ ಸಾಮಾನು ತಿರುಗಿ ತನ್ನ ಜಾಗಕ್ಕೇ ಬರಲಿ ಎಂದು, ಬಂದ ಪ್ರತಿ ಉಕ್ಕಿನ ತುಂಡಿನ ಮೇಲೂ ಅದರ ಜಾಗ ಕುಟ್ಟುವುದು. ನಾಲ್ಕನೆಯ ಕಪಾಟು, ಎರಡನೆಯ ಅಂತಸ್ತು, ಹದಿನೇಳನೆಯ ಪೆಟ್ಟಿಗೆ. ಆಮೇಲೆ ಉಗ್ರಾಣ ಹೊಸ ಕಟ್ಟಡಕ್ಕೆ ಬಂತು, ಕಬ್ಬಿಣದ ಕಪಾಟುಗಳು ಬಂದವು, ಹಳೆಯ ಲೆಕ್ಕ ಎಲ್ಲರಿಗೂ ಮರೆತು ಹೋಯಿತು. ಕುಟ್ಟಿದವಳಿಗೂ.

ಚೀಟಿ ಅಕ್ಕ ಮೆಲ್ಲಗೆ ಕುರ್ಚಿಗೆ ಒರಗಿದಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ನಾದಿನಿ ಗಾಬರಿಯಾಗಿ ನೀರಿನ ಲೋಟ ಹಿಡಿದಳು. ನೋಡಿದರೆ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಾಳೆ.

“ಒಂದೂವರೆ ದಿನ... ಇಡೀ ಲೋಕಾನ ನಿಲ್ಲಿಸಿ ಕೇಳ್ತಿದ್ದೀನಿ ಕಣೇ, ನನ್ನ ಕಪಾಟು ಎಲ್ಲಿದೆ ಅಂತ.”

ಮೂವತ್ತೊಂದು ವರ್ಷದಲ್ಲಿ ಆ ಕಿಟಕಿಯಿಂದ ಅಂಥ ಸದ್ದು ಬಂದದ್ದು ಯಾರೂ ಕೇಳಿರಲಿಲ್ಲ. ಹೆಣಿಗೆಯವರು ಒಬ್ಬೊಬ್ಬರಾಗಿ ಬಂದು ಇಣುಕಿದರು. ವಿಷಯ ತಿಳಿದ ಮೇಲೆ ಅವರೂ ನಕ್ಕರು. ನಕ್ಕು ಮುಗಿದ ಮೇಲೆ ಫಿಟ್ಟರ್ ಮಾವ ಕೇಳಿದ: “ಸರಿ, ಆ ನಾಲ್ಕನೇ ಕಪಾಟು ಈಗ ಎಲ್ಲಿದೆ?”

ಎಲ್ಲರೂ ಒಟ್ಟಿಗೆ ಕ್ಯಾಂಟೀನಿನ ಕಡೆ ತಿರುಗಿದರು.

ಹಳೆಯ ಮರದ ಕಪಾಟು ಕ್ಯಾಂಟೀನಿನ ದೊಡ್ಡಮ್ಮನ ಪಾಲಾಗಿ ಬಹಳ ಕಾಲವಾಗಿತ್ತು. ಅವಳು ಅದಕ್ಕೆ ನೀಲಿ ಬಣ್ಣ ಬಳಿದು, ಪುಟ್ಟ ಪೆಟ್ಟಿಗೆಗಳಲ್ಲಿ ಉಪ್ಪು, ಸಕ್ಕರೆ, ಚಮಚ ತುಂಬಿಟ್ಟಿದ್ದಳು. ಎರಡನೆಯ ಅಂತಸ್ತು, ಹದಿನೇಳನೆಯ ಪೆಟ್ಟಿಗೆ: ಟೀ ಸೋಸುವ ಜಾಲರಿಗಳು. ಕಿರುಬೆರಳು ಇರಲಿಲ್ಲ. ಇರುತ್ತದೆಂದು ಯಾರೂ ನಂಬಿರಲೂ ಇಲ್ಲ, ಆದರೂ ಎಲ್ಲರ ಮುಖ ಒಂದಿಷ್ಟು ಇಳಿಯಿತು.

ಚೀಟಿ ಅಕ್ಕ ಮಾತ್ರ ಪೆಟ್ಟಿಗೆಯ ಒಳಗೆ ನೋಡುತ್ತಿರಲಿಲ್ಲ. ಅದರ ಮುಖಕ್ಕೆ ಹೊಡೆದಿದ್ದ ತಗಡಿನ ಚೌಕಟ್ಟನ್ನು ನೋಡುತ್ತಿದ್ದಳು. ಒಳಗೆ ಏನಿದೆ ಎಂದು ಬರೆದ ಕಾರ್ಡು ತುರುಕುವ ಚೌಕಟ್ಟು ಅದು. ದೊಡ್ಡಮ್ಮ ‘ಜಾಲರಿ’ ಎಂದು ಬರೆದ ರಟ್ಟನ್ನು ಅದರಲ್ಲೇ ಸಿಕ್ಕಿಸಿದ್ದಳು.

“ದೊಡ್ಡಮ್ಮ, ಹಳೇ ಕಾರ್ಡು ತೆಗೆದು ಇದನ್ನ ಹಾಕಿದ್ರಾ, ಇಲ್ಲಾ ಅದರ ಮೇಲೇ ಹಾಕಿದ್ರಾ?”

“ತೆಗೆಯೋದಕ್ಕೆ ನನಗೆಲ್ಲಿ ಪುರುಸೊತ್ತು ತಾಯಿ? ದಿನಕ್ಕೆ ಇನ್ನೂರು ಲೋಟ ಟೀ ಯಾರು ಕಾಯಿಸ್ತಾರೆ?”

“ನಿಮ್ಮ ಸೋಮಾರಿತನ ತಣ್ಣಗಿರಲಿ,” ಎಂದು ಚೀಟಿ ಅಕ್ಕ ತಲೆಯ ಪಿನ್ನು ತೆಗೆದು ಮೆಲ್ಲಗೆ ಎಬ್ಬಿದಳು. ಜಾಲರಿ ಈಚೆ ಬಂತು. ಅದರ ಹಿಂದೆ ‘ಏಲಕ್ಕಿ’. ಏಲಕ್ಕಿಯ ಹಿಂದೆ, ಅಂಚು ಹಳದಿಯಾದ ಒಂದು ಕಾರ್ಡು, ಎಳೆಯ ದುಂಡನೆಯ ಅಕ್ಷರ. ಅವಳದೇ. ತುಂಡು ಬಂದ ಪೊಟ್ಟಣದ ಮೇಲಿದ್ದ ಹಾಗೇ, ಮಾಡಿದ ಕಂಪನಿಯ ಹೆಸರು, ಅದರ ಕೆಳಗೆ ಕಿರುಬೆರಳಿನ ಇಂಗ್ಲಿಷ್ ಹೆಸರು ಹೀಲ್ ಪಿಕ್ಕರ್, ಅದರ ಮುಂದೆ ಕಂಪನಿಯವರದೇ ನಂಬರು: ಪಿ-3086.

“ಬದುಕಿದೆ,” ಎಂದಳು, ಮತ್ತು ಓಡಿದಳು. ಚೀಟಿ ಅಕ್ಕ ಓಡುವುದನ್ನೂ ಅವತ್ತೇ ಎಲ್ಲರೂ ಮೊದಲು ನೋಡಿದ್ದು.

ಪಿ-3086ಕ್ಕೆ ಜೋಡಿ ಕೊಕ್ಕೆ ಬಿತ್ತು. ಒಂದು ಟ್ರ್ಯಾಕ್ಟರಿನ ಬಿಡಿಭಾಗಕ್ಕೂ ಅದೇ ನಂಬರು, ಹೆಂಗಸರ ಒಂದು ಚಪ್ಪಲಿಗೂ ಅದೇ. ಟ್ರ್ಯಾಕ್ಟರ್ ಬೇಡ, ಚಪ್ಪಲಿ ಬೇಡ.

“ಚಪ್ಪಲಿ ಚೆನ್ನಾಗಿದೆ ಅತ್ತಿಗೆ, ಇರಲಿ ಬಿಡಿ,” ಎಂದಳು ನಾದಿನಿ. ಅವಳ ದನಿಗೆ ಹಳೆಯ ಗೆಲುವು ಮರಳಿತ್ತು.

ಕಂಪನಿಯ ಹೆಸರಿಗೆ ಇನ್ನೊಂದು ಜೋಡಿ ಕೊಕ್ಕೆ. ಕೊನೆಗೆ ಪಿಡಿಎಫ್ ಮಾತ್ರ. ಪರದೆಯ ಮೇಲೆ ಉಳಿದದ್ದು ಒಂದೇ ಒಂದು ಸಾಲು. ಯಾವುದೋ ತಾಂತ್ರಿಕ ಶಾಲೆಯ ಹಳೆಯ ಸಾಮಾನುಗಳ ಪಟ್ಟಿ, ನಲವತ್ತು ಪುಟ. ಮೂವತ್ತಮೂರನೆಯ ಪುಟದಲ್ಲಿ, ಬೇರೆ ಯಾರೋ ಬಹಳ ಅಚ್ಚುಕಟ್ಟಿನವರು ಟೈಪು ಮಾಡಿದ್ದರು: ಹೀಲ್ ಪಿಕ್ಕರ್, ಪಿ-3086, ಒಂದು, ಬಳಸಿಲ್ಲ. ಚೀಟಿ ಅಕ್ಕ ಆ ಸಾಲನ್ನು ಬೆರಳಿನಿಂದ ಮುಟ್ಟಿದಳು. “ನೋಡು, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಇವರು ನಮ್ಮವರು ಕಣೇ.”

ಆ ಶಾಲೆಯ ತಾಣದ ವಿಳಾಸಕ್ಕೆ ಸೈಟ್ ಕಟ್ಟಿ, ಉಗ್ರಾಣ ಎಂದು ಹುಡುಕಿದಾಗ ಫೋನ್ ನಂಬರು ಸಿಕ್ಕಿತು. ಮೂರು ಸಲ ಬಾರಿಸಿದರೂ ಯಾರೂ ಎತ್ತಲಿಲ್ಲ. ವಿಳಾಸವನ್ನು ಬರೆದುಕೊಂಡು ಸಂಜೆ ಮನೆಗೆ ಹೋಗಿ ಗಂಡನ ಮುಂದೆ ಇಟ್ಟಳು. ಡ್ರೈವರು ಓದಿದ. ಇನ್ನೊಮ್ಮೆ ಓದಿದ.

“ಇದು ನನ್ನ ಹನ್ನೆರಡನೇ ಸ್ಟಾಪು,” ಎಂದ. “ದಿನಾ ಎಂಟು ಸಲ ಅದರ ಮುಂದೆ ನಿಲ್ಲಿಸ್ತೀನಿ.”

“ಹದಿನೆಂಟು ವರ್ಷದಿಂದ ನಿಲ್ಲಿಸ್ತಿದೀಯ, ಒಂದು ಸಲವಾದ್ರೂ ಇಳಿದು ಒಳಗೆ ಏನಿದೆ ಅಂತ ನೋಡೋದಲ್ವಾ ಅಣ್ಣಾ?” ಎಂದಳು ನಾದಿನಿ.

“ಜನ ಹೊಡೀತಾರೆ,” ಎಂದ ಡ್ರೈವರು, ಮತ್ತು ಆ ದಿನದ ತನ್ನ ಪಾಲಿನ ಮಾತು ಮುಗಿಸಿದ.

ಗುರುವಾರ ಅರ್ಧ ದಿನ ರಜೆ ಹಾಕಿ ಅತ್ತಿಗೆ ನಾದಿನಿ ಇಬ್ಬರೂ ಅವನ ಬಸ್ಸಿನಲ್ಲೇ ಹೋಗಿ ಹನ್ನೆರಡನೆಯ ನಿಲ್ದಾಣದಲ್ಲಿ ಇಳಿದರು. ಶಾಲೆಯ ಹಿಂಭಾಗದಲ್ಲಿ ಉದ್ದನೆಯ ಕೋಣೆ. ಅದಕ್ಕೊಂದು ಕಿಟಕಿ, ಕಿಟಕಿಯ ಒಳಗೆ ಒಬ್ಬ ಮುದುಕ. ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ನಾದಿನಿ ಅತ್ತಿಗೆಯ ಪಕ್ಕೆಗೆ ತಿವಿದಳು.

“ಏನು ಬೇಕು?” ಎಂದ ಮುದುಕ, ತಲೆ ಎತ್ತದೆ.

ಚೀಟಿ ಅಕ್ಕ ಎಲ್ಲವನ್ನೂ ಹೇಳಿದಳು. ಅಜ್ಜಿಯ ಕತೆ, ಶನಿವಾರದ ಗಾಡಿಯ ಕತೆ, ಊದಿದ ಕಾಲುಗಳ ಕತೆ. ಮುದುಕ ಕೇಳಿ ಮುಗಿಸಿ, “ಯಂತ್ರ ಹೋಗಿ ಕಾಲ ಆಯ್ತು. ಆ ತುಂಡು ಇದೆ. ಅಲ್ಲಿ ನೋಡಿ,” ಎಂದು ಗಾಳಿಕಿಟಕಿಯ ಕಡೆ ಬೆರಳು ತೋರಿಸಿದ. ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಒಂದು ಹಗ್ಗದ ಕುಣಿಕೆಯಲ್ಲಿ ಕೊಂಕಾದ ಉಕ್ಕಿನ ತುಂಡೊಂದು ಸಿಕ್ಕಿಕೊಂಡು ಥಳಥಳ ಹೊಳೆಯುತ್ತಿತ್ತು. ತುದಿ ಇತ್ತು. ಅದರ ಬಾಗು ಎಳೆಯ ಹುರುಳಿಕಾಯಿಯ ತುದಿಯ ಹಾಗಿತ್ತು.

ನಾದಿನಿ ಕೈ ಚಾಚಿದಳು. ಮುದುಕ ಕೆಮ್ಮಿದ.

“ಚೀಟಿ?”

ನಾದಿನಿ ತಿರುಗಿ ಅತ್ತಿಗೆಯ ಮುಖ ನೋಡಿದಳು.

“ಚೀಟಿ ಇಲ್ದೆ ಇಲ್ಲಿಂದ ಒಂದು ಮೊಳೆ ಕೂಡ ಹೋಗಲ್ಲಮ್ಮ. ಮೇಲೆ ಏನು ಕೊರೆದಿದೆಯೋ ಹಾಗೇ ಬರೀಬೇಕು. ನನ್ನ ಕಿಟಕಿಗೆ ಬದಲಿ ಏನು ಅಂತಾನೂ ಬರೀಬೇಕು.”

ನಾದಿನಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಅವಳ ನಗು ಅಂಗಳದಿಂದ ಕೇಳಿಸುತ್ತಲೇ ಇತ್ತು. ಚೀಟಿ ಅಕ್ಕ ಮಾತ್ರ ಬೆಂಚಿನ ಮೇಲೆ ನೆಟ್ಟಗೆ ಕೂತು, ಕನ್ನಡಕ ಏರಿಸಿ, ಜೀವಮಾನದಲ್ಲೇ ಮೊದಲ ಸಲ ಕಿಟಕಿಯ ಹೊರಗಿನಿಂದ ಒಂದು ಚೀಟಿ ಬರೆದಳು. ಮುದುಕ ಅದನ್ನು ಬೆಳಕಿಗೆ ಹಿಡಿದು ಓದಿದ. ಒಂದೂ ತಪ್ಪು ಸಿಗಲಿಲ್ಲ. “ಇಂಥ ಚೀಟಿ ನೋಡಿ ವರ್ಷಗಳಾದವು. ಎಲ್ಲಿ ಕೆಲಸ ತಾಯಿ?” ಎಂದ. ಬಳಿಕ ಇಬ್ಬರೂ ಕಾರ್ಡು, ಕಪಾಟು, ಹೇಳದೆ ಒಯ್ಯುವ ಜನರ ಲಜ್ಜೆಗೇಡಿತನ ಎಂದು ಮಾತಿಗೆ ಕೂತರು. ಕಿಟಕಿಗೆ ಚೀಟಿ ಅಕ್ಕ ತನ್ನ ಕೀಲಿಗೊಂಚಲಿನ ಕೊಕ್ಕೆಯನ್ನೇ ಬಿಚ್ಚಿಕೊಟ್ಟಳು. ಡ್ರೈವರು ಎರಡು ಸುತ್ತು ಹೋಗಿ ಬಂದು ಹಾರ್ನ್ ಹೊಡೆದ ಮೇಲೆಯೇ ಎದ್ದದ್ದು.

ಶುಕ್ರವಾರ ಫಿಟ್ಟರ್ ಮಾವ ಮೊದಲು ತುದಿಯ ಬಾಗನ್ನು ಕಾಗದದ ಮೇಲೆ ಗೆರೆ ಎಳೆದುಕೊಂಡ, ಇನ್ನು ಹತ್ತು ಮಾಡಿಡುತ್ತೇನೆ ಎಂದ. ಆಮೇಲೆ ಕಿರುಬೆರಳನ್ನು ಅಜ್ಜಿಗೆ ತೊಡಿಸಿದ. ನಾದಿನಿ ಗುಂಡಿ ಒತ್ತಿದಳು. ಅಜ್ಜಿ ಗೊಣಗಿದಳು, ಸುತ್ತಿದಳು, ಕಾಲಿನ ಭಾಗ ಹೆಣೆದಳು. ಹಿಮ್ಮಡಿ ಬಂತು. ಹೆಣಿಗೆಯವರೆಲ್ಲ ತಮ್ಮ ಯಂತ್ರ ಬಿಟ್ಟು ಬಂದು ಉಸಿರು ಹಿಡಿದು ನಿಂತರು. ಅತ್ತ ಅರ್ಧ, ಇತ್ತ ಅರ್ಧ. ಕಿರುಬೆರಳು ಒಂದು ಸೂಜಿ ಎತ್ತಿತು, ಪಕ್ಕಕ್ಕೆ ಇಟ್ಟಿತು. ಇನ್ನೊಂದು ಎತ್ತಿತು. ಯಾವುದೂ ಮುರಿಯಲಿಲ್ಲ. ನಾದಿನಿ ಕೆಳಗಿನಿಂದ ಬೆಚ್ಚಗಿನ ಕಾಲುಚೀಲ ಎಳೆದು, ಹಿಮ್ಮಡಿಯೊಳಗೆ ಮುಷ್ಟಿ ತೂರಿಸಿ, ಎಲ್ಲರಿಗೂ ತಿರುಗಿಸಿ ತೋರಿಸಿದಳು. ಕೇಕೆ ಹಾಕುವ ಕೆಲಸವನ್ನು ಬೇರೆಯವರು ಮಾಡಿದರು, ಬಹಳ ಗಟ್ಟಿಯಾಗಿ.

ಶನಿವಾರ ಗುಜರಿಯವನ ಗಾಡಿ ಬಂದೇ ಬಂತು. ಯಜಮಾನರು ಅವನನ್ನು ಓಡುತ್ತಿದ್ದ ಅಜ್ಜಿಯ ಮುಂದೆ ಕರೆದುಕೊಂಡು ಬಂದು, “ತಪ್ಪು ತಿಳೀಬೇಡಿ, ಇವರು ಮನಸ್ಸು ಬದಲಾಯಿಸಿದ್ದಾರೆ,” ಎಂದು ಯಂತ್ರದ ಕಡೆ ತೋರಿಸಿದರು. ಹೊಸ ಯಂತ್ರವನ್ನು ಪ್ಯಾಕಿಂಗ್ ಮೇಜಿನ ಜಾಗದಲ್ಲಿ ಇಡಿ ಎಂದರು. ಗುಜರಿಯವನು ಕಾಲುಚೀಲ ಹಿಸುಕಿ ನೋಡಿ, ತನ್ನ ತಾಯಿಯ ಕಾಲು ಊದಿದೆ ಎಂದು ಎರಡು ಜೊತೆ ಕೇಳಿ ಕೊಂಡುಹೋದ.

ಅಂದು ಮಧ್ಯಾಹ್ನ ನಾದಿನಿ ಉಗ್ರಾಣದ ಕಿಟಕಿಗೆ ಬಂದಳು. ಮಡಿಸಿದ ಕಾಗದವೊಂದನ್ನು ಒಳಗೆ ತಳ್ಳಿ, ಮೇಲ್ವಿಚಾರಕರ ಹಾಗೆ ಕೈ ಹಿಂದೆ ಕಟ್ಟಿ ನಿಂತಳು. ಚೀಟಿ ಅಕ್ಕ ಬಿಡಿಸಿ ನೋಡಿದಳು. ತಾರೀಖು ಇತ್ತು, ವಿಭಾಗ ಇತ್ತು, ಸಹಿ ಇತ್ತು, ಎಲ್ಲ ತನ್ನ ತನ್ನ ಜಾಗದಲ್ಲಿ. ನಡುವೆ ಜೋಡಿ ಕೊಕ್ಕೆ ಹಾಕಿ, ಅಡ್ಡಗೆರೆ ಎಳೆದು, ದುಂಡಾಗಿ ಬರೆದಿತ್ತು:

“ಅತ್ತಿಗೆ ಜೊತೆ ಒಂದು ಲೋಟ ಟೀ” -ಬುದ್ಧಿವಾದ

ಚೀಟಿ ಅಕ್ಕ ಅದನ್ನು ಎರಡು ಸಲ ಓದಿದಳು. ತಪ್ಪು ಹುಡುಕಿದಳು, ಸಿಗಲಿಲ್ಲ. ಸಾಮಾನು ಕೊಟ್ಟಾಗ ಒತ್ತುವ ಮೊಹರನ್ನು ಮಸಿಗೆ ಮುಟ್ಟಿಸಿ ಚೀಟಿಯ ಮೂಲೆಗೆ ಒತ್ತಿದಳು, ಕಂಪ್ಯೂಟರ್ ಆರಿಸಿದಳು, ಕಿಟಕಿ ಮುಚ್ಚಿದಳು. ಕೊಕ್ಕೆಯಿಲ್ಲದ ಕೀಲಿಗೊಂಚಲನ್ನು ಕೈಯಲ್ಲೇ ಹಿಡಿದು, ಬಿಲ್ಲೆಗಳನ್ನು ಝಣಝಣ ಅನ್ನಿಸುತ್ತ, ನಾದಿನಿಯ ಹಿಂದೆ ಕ್ಯಾಂಟೀನಿನ ಕಡೆ ನಡೆದಳು.